ಹೊರಗಿನ ಪ್ಯಾಡ್ ನೋಡಿ ನಂಬಬೇಡಿ

ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಆ ಸದ್ದು ಶುರುವಾಯಿತು. ಬ್ರೇಕ್ ಮೇಲೆ ಕಾಲಿಟ್ಟಾಗಲೆಲ್ಲ ಮುಂದಿನ ಎಡ ಚಕ್ರದಿಂದ ಕೀಂಯ್ ಅಂತ. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು ಇದ್ದರು. ಎರಡನೇ ಗೇರಿನಲ್ಲೇ ಬೆಟ್ಟ ಇಳಿದು, ನಿಧಾನಕ್ಕೆ ಕುವೆಂಪುನಗರದ ಮನೆ ಸೇರಿದೆವು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವುದೇ ಬ್ರೇಕ್ ಪ್ಯಾಡ್. ಅದು ಸವೆದಾಗ ಡಿಸ್ಕ್‌ಗೆ ತಾಗಿ ಕಿರುಚಲಿ ಅಂತಲೇ ಅದರಲ್ಲೊಂದು ಸಣ್ಣ ತಗಡಿನ ನಾಲಿಗೆ ಇಟ್ಟಿರುತ್ತಾರೆ. ಅದರದ್ದೇ ಸದ್ದು ಅನಿಸಿತು.

ಆದರೆ ಸ್ವಲ್ಪ ದಿನದ ಹಿಂದಷ್ಟೇ ಸರ್ವೀಸ್‌ನಲ್ಲಿ "ಪ್ಯಾಡ್ ಇನ್ನೂ ಅರ್ಧ ಇದೆ" ಅಂದಿದ್ದರು. ಚಕ್ರದ ಸಂದಿಯಿಂದ ಇಣುಕಿದರೆ ನನಗೂ ಹಾಗೇ ಕಂಡಿತು. ಅಲ್ಲಿಂದ ಕಾಣುವುದು ಹೊರಗಿನ ಪ್ಯಾಡ್ ಮಾತ್ರ, ಅಲ್ವಾ? ಒಳಗಿನದನ್ನು ಸರಿಯಾಗಿ ನೋಡಬೇಕೆಂದರೆ ಚಕ್ರ ಬಿಚ್ಚಲೇಬೇಕು.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತುವ ಮೊದಲೇ ನಟ್‌ಗಳನ್ನು ಸ್ವಲ್ಪ ಸಡಿಲ ಮಾಡಿಕೊಂಡೆ. ಬರೀ ಜಾಕ್ ನಂಬಿ ಕೈ ಹಾಕಬೇಡಿ, ಸ್ಟ್ಯಾಂಡ್ ಇರಲೇಬೇಕು.

ಎರಡು ಬೋಲ್ಟ್ ಬಿಚ್ಚಿದರೆ, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಕೈಗೆ ಬರುತ್ತದೆ. ಅದನ್ನು ತಂತಿಯಿಂದ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟಿದೆ. ಬ್ರೇಕ್ ಹೋಸಿನ ಮೇಲೆ ಅದರ ಭಾರ ಬೀಳಲೇಬಾರದು. ಪ್ಯಾಡ್ ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟಾಗ ಎದೆ ಝಲ್ಲೆಂದಿತು. ಹೊರಗಿನದು 6 ಮಿಲಿಮೀಟರ್ ಇತ್ತು, ಒಳಗಿನದು 2 ಕೂಡ ಇರಲಿಲ್ಲ.

ಕಾರಣ ಸ್ಲೈಡ್ ಪಿನ್. ನಮ್ಮ ಕಾರಿನಂಥವುಗಳಲ್ಲಿ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಮೊದಲು ಒಳಗಿನ ಪ್ಯಾಡನ್ನು ಒತ್ತುತ್ತದೆ, ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ ಹಿಡಿದುಕೊಂಡರೆ ಕೆಲಸವೆಲ್ಲ ಒಳಗಿನದರ ಮೇಲೇ ಬೀಳುತ್ತದೆ. ನಮ್ಮದರಲ್ಲಿ ಕೆಳಗಿನ ಪಿನ್ ಅಲುಗಾಡುತ್ತಲೇ ಇರಲಿಲ್ಲ. ತಿರುಗಿಸಿ ತಿರುಗಿಸಿ ಎಳೆದೆ, ಅರ್ಧ ಗಂಟೆ ಬೇಕಾಯಿತು. ತುಕ್ಕು, ಒಣಗಿದ ಗ್ರೀಸ್ ಎಲ್ಲ ಒರೆಸಿ, ಬ್ರೇಕ್‌ಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿದೆ. ಸಾಮಾನ್ಯ ಗ್ರೀಸ್ ಹಾಕಿದರೆ ರಬ್ಬರ್ ಬೂಟ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಈ ಕೆಲಸ ಬಿಟ್ಟು ಸುಮ್ನೆ ಹೊಸ ಪ್ಯಾಡ್ ತೂರಿಸಿದ್ದರೆ ಅದೂ ಇದೇ ಥರ ಸವೆಯುತ್ತಿತ್ತು.

ಪಿಸ್ಟನ್ ಒಳಗೆ ಹೋಗದಿದ್ದರೆ ದಪ್ಪನೆಯ ಹೊಸ ಪ್ಯಾಡ್ ಕೂರುವುದಿಲ್ಲ. ಹಳೇ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನಕ್ಕೆ ಒತ್ತಿದೆ. ಆಗ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ, ಸುತ್ತ ಬಟ್ಟೆ ಇಟ್ಟುಕೊಳ್ಳಿ. ಬಲಗಡೆ ಪ್ಯಾಡ್ ಚೆನ್ನಾಗಿದ್ದರೂ ಅದನ್ನೂ ಬದಲಿಸಿದೆ. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೆಯಬಹುದು.

ಕಾರು ಕದಲಿಸುವ ಮೊದಲು ಪೆಡಲ್ ಒತ್ತಿ ಒತ್ತಿ ಗಟ್ಟಿ ಮಾಡಿಕೊಳ್ಳಲೇಬೇಕು. ಮೊದಲ ಎರಡು ಮೂರು ಸಲ ಅದು ನೆಲಕ್ಕೇ ಹೋಗುತ್ತದೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ರಿಂಗ್ ರೋಡಿನಲ್ಲಿ, ಹಿಂದೆ ಯಾರೂ ಇಲ್ಲದ್ದು ನೋಡಿಕೊಂಡು, ಗಂಟೆಗೆ 50 ಕಿ.ಮೀ. ವೇಗದಿಂದ 15ರವರೆಗೆ ಹತ್ತು ಸಲ ಬಿಟ್ಟು ಬಿಟ್ಟು ಬ್ರೇಕ್ ಹಿಡಿದೆ. ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲು ಅಷ್ಟು ಬೇಕು.

ಮುಂದಿನ ವಾರ ಮತ್ತೆ ಬೆಟ್ಟಕ್ಕೆ ಹೋಗಿಬಂದೆವು. ಕೆಳಗೆ ಬಂದು ಕಾರು ನಿಲ್ಲಿಸಿ ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದೆ, ಮುಟ್ಟಲಿಲ್ಲ. ಬಿಸಿ ಎರಡೂ ಕಡೆ ಒಂದೇ ಸಮ ಇತ್ತು, ಅಂದರೆ ಎರಡೂ ಬ್ರೇಕ್ ಸಮನಾಗಿ ಹಿಡಿಯುತ್ತಿವೆ.