ಅಮ್ಮನಿಗಾಗಿ ಗಟ್ಟಿಯಾಗಿ ಓದಿದ ಮದುಮಗಳು

‘ಮಲೆಗಳಲ್ಲಿ ಮದುಮಗಳು’ ನಮ್ಮ ಮನೆಯ ಕಪಾಟಿನಲ್ಲಿ ಇಪ್ಪತ್ತು ವರ್ಷದಿಂದ ಇದೆ. ಮೂರು ಸಲ ಶುರು ಮಾಡಿದ್ದೆ. ಮೂರು ಸಲವೂ ನೂರನೇ ಪುಟ ದಾಟಲಿಲ್ಲ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಅಂತ ಒಂದರ ಹಿಂದೊಂದು ಊರು ಬರುತ್ತವೆ. ಯಾರು ಯಾವ ಮನೆಯವರು ಅನ್ನೋದೇ ತಲೆಗೆ ಹತ್ತುತ್ತಿರಲಿಲ್ಲ. ಕುವೆಂಪು ಕಾದಂಬರಿ ಓದಿಲ್ಲ ಅಂತ ಹೇಳಿಕೊಳ್ಳೋಕೆ ನಾಚಿಕೆ, ಅದಕ್ಕೆ ಯಾರಾದರೂ ಕೇಳಿದರೆ ಸುಮ್ನೆ ತಲೆಯಾಡಿಸುತ್ತಿದ್ದೆ.

ಕೊನೆಗೆ ಓದಿ ಮುಗಿಸಿದ್ದು ಕಳೆದ ವರ್ಷ. ಅದೂ ಗಟ್ಟಿಯಾಗಿ, ಫೋನಿನ ಮುಂದೆ ಕೂತು.

ಅಮ್ಮ ತೀರ್ಥಹಳ್ಳಿ ಕಡೆಯವಳು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಅವಳ ಓದು ನಿಂತುಹೋಯಿತು. ನಾನಿರೋದು ಬೆಂಗಳೂರಿನಲ್ಲಿ. ಮೊದಲು ಅವಳ ಫೋನಿಗೆ ಆಡಿಯೋ ಪುಸ್ತಕದ ಆಪ್ ಹಾಕಿಕೊಟ್ಟೆ. ಎಲ್ಲೋ ಬೆರಳು ತಾಗಿ ವೇಗ ಒಂದೂವರೆ ಪಟ್ಟಾಗಿತ್ತು. ಎರಡು ದಿನ ಹಾಗೇ ಕೇಳಿದ್ದಾಳೆ. ‘ಈಗಿನವರು ಬಸ್ಸು ಹಿಡಿಯೋ ಹಾಗೆ ಓದ್ತಾರಲ್ಲೆ’ ಅಂದಳು. ವೇಗ ಸರಿ ಮಾಡಿಕೊಟ್ಟೆ. ಆದರೂ ಅವಳಿಗೆ ಬೇಕಿದ್ದದ್ದು ಮದುಮಗಳು, ಮತ್ತು ನನ್ನ ದನಿ.

ನಾನೇ ಓದಿ, ರೆಕಾರ್ಡ್ ಮಾಡಿ ಕಳಿಸೋಣ ಅಂತ ಲೆಕ್ಕ ಹಾಕಿದೆ. ಪುಸ್ತಕ 700 ಪುಟದ ಆಸುಪಾಸು. ಗಟ್ಟಿಯಾಗಿ ಓದಿದರೆ ಪುಟಕ್ಕೆ ಮೂರು ನಿಮಿಷ. ಅಂದರೆ 35 ಗಂಟೆ. ದಿನಕ್ಕೆ ಆರು ಪುಟ ಅಂದರೆ ನಾಲ್ಕು ತಿಂಗಳು. ಜ್ವರ, ನೆಂಟರು, ಆಫೀಸಿನ ಕೆಲಸ ಎಲ್ಲ ಸೇರಿ ನನಗೆ ಹಿಡಿದದ್ದು ಏಳು ತಿಂಗಳು.

ಜಾಗಕ್ಕೇ ಒಂದು ವಾರ ಹೋಯಿತು. ಹಾಲಿನಲ್ಲಿ ಫ್ಯಾನ್ ಸದ್ದು. ಬಾಲ್ಕನಿಯಲ್ಲಿ ಕಸದ ಗಾಡಿಯ ಹಾಡು. ಕೊನೆಗೆ ಸಿಕ್ಕಿದ್ದು ಬಟ್ಟೆ ಬೀರು. ಬಾಗಿಲು ತೆಗೆದು, ಸೀರೆಗಳ ಕಡೆ ಮುಖ ಮಾಡಿ ಕೂತರೆ ದನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ. ಫೋನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ಎದುರಿಗೇ ಇಟ್ಟರೆ ‘ಪ’, ‘ಭ’ ಬಂದಾಗೆಲ್ಲ ಉಫ್ ಅಂತ ಊದಿದ ಹಾಗೆ ಕೇಳುತ್ತದೆ. ಹತ್ತು ನಿಮಿಷಕ್ಕಿಂತ ಉದ್ದದ ಫೈಲ್ ಮಾಡಲಿಲ್ಲ. ಮಧ್ಯೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಹಾಕೋದು ಅಮ್ಮನಿಗೆ ಬರುವುದಿಲ್ಲ.

ಮೊದಲ ಫೈಲ್ ಕಳಿಸಿದ ದಿನ ರಾತ್ರಿಯೇ ಫೋನ್ ಬಂತು. ‘ಎಂಥ ಮಾರಾಯ್ತಿ, ಗುತ್ತಿ ವಾರ್ತೆ ಓದೋ ಹಾಗೆ ಮಾತಾಡ್ತಾನಲ್ಲ!’

ನಿಜ. ನಾಯಿ ಹುಲಿಯನ ಜೊತೆ ಕಾಡು ಸುತ್ತುವ ಗುತ್ತಿ ನನ್ನ ಬಾಯಲ್ಲಿ ಮೈಸೂರು ಪೇಟ ಸುತ್ತಿಕೊಂಡು ನಿಂತಿದ್ದ. ಪುಸ್ತಕದಲ್ಲಿ ಅವನ ಮಾತು ಮಲೆನಾಡಿನ ಮಾತಾಗೇ ಇದೆ. ಅದನ್ನು ಒಂದೊಂದೇ ಅಕ್ಷರ ಬಿಡಿಸಿ, ಪರೀಕ್ಷೆಗೆ ಒಪ್ಪಿಸೋ ಹಾಗೆ ನಾನು ಓದಿದ್ದೆ. ಆಮೇಲೆ ಒಂದು ಪದ್ಧತಿ ಮಾಡಿಕೊಂಡೆವು. ಗೊತ್ತಾಗದ ಸಂಭಾಷಣೆ ಬಂದರೆ ಫೋನಿನಲ್ಲಿ ಅಮ್ಮನಿಗೆ ಓದಿ ಹೇಳುವುದು, ಅವಳು ತಿರುಗಿ ಹೇಳುವುದು, ನಾನು ಆ ರಾಗ ಹಿಡಿದು ರೆಕಾರ್ಡ್ ಮಾಡುವುದು. ಪುಟದ ಮೇಲೆ ಅಷ್ಟು ಗಂಟುಗಂಟಾಗಿ ಕಾಣುತ್ತಿದ್ದ ಮಾತು ಅವಳ ಬಾಯಲ್ಲಿ ನಮ್ಮ ಅಜ್ಜಿಮನೆಯ ಮಾತಾಗಿ ಬಿಚ್ಚಿಕೊಳ್ಳುತ್ತಿತ್ತು. ನಾನು ಮೂರು ಸಲ ಸೋತದ್ದು ಇಲ್ಲೇ ಅನಿಸುತ್ತದೆ. ಕಿವಿಗೆ ಬರೆದ ಸಾಲುಗಳನ್ನು ಕಣ್ಣಲ್ಲಿ ಓಡಿಸಲು ಹೋಗಿದ್ದೆ.

ವರ್ಣನೆಯ ಭಾಗ ಬೇರೆಯೇ ಕಥೆ. ಅಲ್ಲಿ ವಾಕ್ಯ ಅರ್ಧ ಪುಟಕ್ಕೆ ಹೋಗುತ್ತದೆ, ಉಪಮೆಯ ಒಳಗೆ ಇನ್ನೊಂದು ಉಪಮೆ. ಪೆನ್ಸಿಲ್ಲಿನಲ್ಲಿ ಉಸಿರಿನ ಗೆರೆ ಹಾಕಿಕೊಂಡೇ ಓದಬೇಕು. ಒಂದು ದಿನ ಗಂಟಲು ಕಟ್ಟಿತ್ತು, ಕಾಡಿನ ಒಂದು ಪ್ಯಾರಾ ಹಾರಿಸಿಬಿಟ್ಟೆ. ಯಾರಿಗೆ ಗೊತ್ತಾಗುತ್ತೆ ಅಂತ. ‘ಅಲ್ಲೊಂದು ಮಳೆ ಬರ್ತದಲ್ಲ, ಎಲ್ಲಿ ಹೋಯ್ತು?’ ಅಂದಳು ಅಮ್ಮ. ಅವಳು ಈ ಪುಸ್ತಕ ಓದಿದ್ದು ಮದುವೆಗೆ ಮುಂಚೆ! ಹಾರಿಸಿದ ಮಳೆಯನ್ನು ಬೇರೆ ಫೈಲ್ ಮಾಡಿ ಕಳಿಸಬೇಕಾಯಿತು. 1967ರಲ್ಲಿ ಬಂದ ಈ ಕಾದಂಬರಿ ಶುರುವಾಗುವ ಮೊದಲೇ, ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ ಅಂತ ಬರೆದುಕೊಂಡಿದ್ದಾರೆ. ನಾನದನ್ನು ಚಂದದ ಮಾತು ಅಂತ ಓದಿ ಮುಂದೆ ಹೋಗಿದ್ದೆ.

ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದೇ ಕಾದಂಬರಿ ರಾತ್ರಿಯಿಡೀ ನಡೆಯುವ ನಾಟಕವಾದಾಗ ನಾನೂ ಹೋಗಿ ನೋಡಿದ್ದೆ. ಅಲ್ಲಿ ಚಿನ್ನಮ್ಮನಿಗೆ, ಪೀಂಚಲುವಿಗೆ, ಐತನಿಗೆ ಒಂದೊಂದು ಮುಖ ಇತ್ತು. ಕಿವಿಯಲ್ಲಿ ಕೇಳುವವರಿಗೆ ಆ ಸೌಲಭ್ಯ ಇಲ್ಲ, ಹಿಂದಿನ ಪುಟ ತಿರುವಿ ನೋಡುವಂತೆಯೂ ಇಲ್ಲ. ಹಾಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಊರಿಗೊಂದು ಪುಟ ಮಾಡಿ ಹೆಸರು ಬರೆದುಕೊಂಡೆ. ಪ್ರತಿ ಫೈಲಿನ ಮೊದಲಿಗೆ ನನ್ನದೇ ಒಂದು ಸಾಲು: ‘ಈಗ ನಾವು ಕೋಣೂರಿನಲ್ಲಿದ್ದೇವೆ, ಮುಕುಂದಯ್ಯನ ಮನೆ.’ ಕುವೆಂಪು ಬರೆಯದ ಸಾಲು ಸೇರಿಸಿದ್ದು ತಪ್ಪೋ ಏನೋ. ಅಮ್ಮನಿಗೆ ಅನುಕೂಲವಾಯಿತು. ಬೇರೆ ಬೇರೆ ದನಿ ಮಾಡೋಕೂ ನೋಡಿದೆ, ಮೂರನೇ ದಿನ ಬಿಟ್ಟೆ. ಹೆಂಗಸರ ದನಿ ಎಲ್ಲ ಒಂದೇ ಥರ ಕೀರಲಾಗುತ್ತಿತ್ತು. ದನಿ ಬದಲಿಸುವ ಬದಲು ಮಾತಿನ ವೇಗ ಬದಲಿಸಿದರೆ ಸಾಕು, ಯಾರ ಮಾತು ಅಂತ ಗೊತ್ತಾಗುತ್ತದೆ.

ಅರ್ಧ ದಾಟಿದ ಮೇಲೆ ಗೆಳತಿಯೊಬ್ಬಳು, ಇದನ್ನೆಲ್ಲ ಯೂಟ್ಯೂಬಿಗೆ ಹಾಕು ಅಂದಳು. ಹಾಗೆ ಹಾಕುವಂತಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054ರ ತನಕ. ಎಲ್ಲರಿಗೂ ಕೇಳಿಸಬೇಕು ಅನ್ನುವವರಿಗೆ 1899ರ ‘ಇಂದಿರಾಬಾಯಿ’ ಇದೆ, ಮುದ್ದಣನ ‘ರಾಮಾಶ್ವಮೇಧ’ ಇದೆ. ಮುದ್ದಣ ಹೇಗೂ ಹೆಂಡತಿಗೆ ಕತೆ ಹೇಳುವವನೇ. ಮನೋರಮೆ ಮಧ್ಯೆ ಮಧ್ಯೆ ತಡೆದು, ಈ ಸಂಸ್ಕೃತದ ಭಾರ ಬೇಡ ಅಂತ ಅವನನ್ನು ರೇಗಿಸುತ್ತಾಳಲ್ಲ, ಅಮ್ಮನ ಫೋನ್ ಬಂದಾಗೆಲ್ಲ ನನಗೆ ಅವಳದೇ ನೆನಪು.

ಎಲ್ಲ ಕಾದಂಬರಿಯೂ ಕಿವಿಗೆ ಒಗ್ಗುವುದಿಲ್ಲ ಅನ್ನೋದು ನನ್ನ ಅನಿಸಿಕೆ. ‘ಪರ್ವ’ವನ್ನು ನಾನೇ ಎರಡು ಪುಟ ಗಟ್ಟಿಯಾಗಿ ಓದಿ ನೋಡಿದೆ. ಅಲ್ಲಿ ಪಾತ್ರ ಕೂತಲ್ಲೇ ನೆನಪಿಗೆ ಜಾರುತ್ತದೆ, ಮತ್ತೆ ವಾಪಸ್ ಬರುತ್ತದೆ. ಕಣ್ಣಿಗೆ ಅದು ತಿಳಿಯುತ್ತದೆ, ಕಿವಿ ದಾರಿ ತಪ್ಪುತ್ತದೆ. ಕಾರಂತರ ‘ಮೂಕಜ್ಜಿಯ ಕನಸುಗಳು’ ಹಾಗಲ್ಲ. ಅಜ್ಜಿ, ಮೊಮ್ಮಗ ಕೂತು ಮಾತಾಡುವುದೇ ಅಲ್ಲಿ ಜಾಸ್ತಿ. ಮುಂದಿನದು ಅದೇ ಅಂತ ಅಮ್ಮನಿಗೆ ಹೇಳಿದ್ದೇನೆ.

ಮದುಮಗಳ ಕೊನೆಯಲ್ಲಿ, ತುಂಬಿದ ಹೊಳೆ ಮತ್ತು ಗುತ್ತಿಯ ನಾಯಿ ಹುಲಿಯ ಬರುವ ಜಾಗದಲ್ಲಿ, ನನ್ನ ಗಂಟಲು ಎರಡು ಸಲ ಕಟ್ಟಿತು. ಮೂರನೇ ಸಲ ಸರಿಯಾಗಿ ಓದಿ ಕಳಿಸಿದೆ. ಅಮ್ಮ ಎರಡು ದಿನ ಏನೂ ಹೇಳಲಿಲ್ಲ. ಈಗ ಮತ್ತೆ ಮೊದಲಿನಿಂದ ಕೇಳುತ್ತಿದ್ದಾಳೆ. 63ನೇ ಫೈಲಿನಲ್ಲಿ ಕುಕ್ಕರ್ ಮೂರು ಸಲ ಕೂಗಿದೆ, ಚೆನ್ನಾಗಿ ಓದಿ ಇನ್ನೊಂದು ಸಲ ಕಳಿಸಲಾ ಅಂತ ಕೇಳಿದೆ.

‘ಬೇಡ, ಇರಲಿ’ ಅಂದಳು. ‘ಅವತ್ತು ಎಂಥ ಸಾರು ಮಾಡಿದ್ದೆ?’