ಟೆಂಟ್ ಕಟ್ಟುವ ಮೊದಲು ಡ್ಯಾಂ ನೀರು ನೋಡ್ತೇವೆ

ಕೊಪ್ಪಳದಲ್ಲಿರುವ ನಮಗೆ ಸಮುದ್ರ ದೂರ. ಆದರೆ ಮಕ್ಕಳು ಮರಳಲ್ಲಿ ಆಡಬೇಕು ಅಂದಾಗಲೆಲ್ಲ ಗೋಕರ್ಣಕ್ಕೇ ಹೋಗಬೇಕು ಅಂತೇನೂ ಇಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರದ ಕಡೆ ಹೊಳೆ ಇದೆ, ಕೆರೆ ಇದೆ, ಹತ್ತಲು ಗುಡ್ಡ ಇದೆ, ರಾತ್ರಿ ಟೆಂಟ್ ಹಾಕಲು ಜಾಗವೂ ಇದೆ. ಚಳಿಗಾಲ ಬಂತೆಂದರೆ ನಮ್ಮ ಮನೆಯವರು, ತಮ್ಮನ ಮನೆಯವರು ಸೇರಿ ಅಲ್ಲಿಗೆ ಹೋಗಿ ಉಳಿದು ಬರುತ್ತೇವೆ. ಅವ್ವನೂ ಬರುತ್ತಾಳೆ. ಹೇಗೆ ಹೋಗ್ತೀರಿ, ಎಲ್ಲಿ ಮಲಗ್ತೀರಿ, ಮಕ್ಕಳನ್ನು ನೀರಿಗೆ ಹೇಗೆ ಬಿಡ್ತೀರಿ ಅಂತ ನೆಂಟರು, ಜೊತೆಗೆ ಕೆಲಸ ಮಾಡುವವರು ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನೀರಿನ ವಿಷಯ. ಉಳಿದದ್ದೆಲ್ಲ ಆಮೇಲೆ.

ಇಲ್ಲಿ ತುಂಗಭದ್ರಾ ಹೊಳೆ ತನ್ನಷ್ಟಕ್ಕೆ ತಾನು ಹರಿಯುವುದಿಲ್ಲ. ಮೇಲೆ ಮುನಿರಾಬಾದಿನ ಹತ್ತಿರ ತುಂಗಭದ್ರಾ ಡ್ಯಾಂ ಇದೆ. ಅಲ್ಲಿ ಎಷ್ಟು ಬಿಡುತ್ತಾರೋ ಆನೆಗೊಂದಿಯಲ್ಲಿ ಅಷ್ಟು ನೀರು. ಮಳೆ ಬೀಳುವುದು ಶಿವಮೊಗ್ಗ, ಚಿಕ್ಕಮಗಳೂರಿನ ಮಲೆನಾಡಲ್ಲಿ. ಇಲ್ಲಿ ನೆತ್ತಿ ಮೇಲೆ ಬಿಸಿಲು ಸುಡುತ್ತಿರುವಾಗಲೇ ಹೊಳೆ ಏರುತ್ತದೆ. ಬೆಳಗ್ಗೆ ಮಕ್ಕಳು ಆಡಿದ ಮರಳು ಸಂಜೆಗೆ ಕಾಣದೆ ಹೋಗಬಹುದು. 1953ರಲ್ಲಿ ಮುಗಿದ ಈ ಡ್ಯಾಂಗೆ ಹೊಳೆಗೆ ನೀರು ಬಿಡುವ 33 ಕ್ರಸ್ಟ್ ಗೇಟ್‌ಗಳಿವೆ. ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಹೂಳು ತುಂಬಿ ಈಗ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. ಹೂಳಿನಿಂದ ಜಾಗ ಕಡಿಮೆಯಾದಷ್ಟೂ ಡ್ಯಾಂ ಬೇಗ ತುಂಬುತ್ತದೆ, ಬೇಗ ಗೇಟ್ ಎತ್ತಬೇಕಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕಿತ್ತು ಕೊಚ್ಚಿಹೋದದ್ದು ನಮ್ಮ ಕಡೆಯವರಿಗೆ ಇನ್ನೂ ಚೆನ್ನಾಗಿ ನೆನಪಿದೆ. ಹೊಳೆ ದಂಡೆಯ ಊರುಗಳಲ್ಲಿ ಯಾರೂ ನೆಮ್ಮದಿಯಾಗಿ ಮಲಗಿರಲಿಲ್ಲ.

ಅದಕ್ಕೇ ಹೊರಡುವ ವಾರ ಪೂರ್ತಿ ಪೇಪರಿನಲ್ಲಿ ಬರುವ ಡ್ಯಾಂ ಮಟ್ಟದ ಪಟ್ಟಿ ನೋಡುತ್ತೇನೆ. ಒಳಹರಿವು, ಹೊರಹರಿವು ಅಂತ ಎರಡು ಅಂಕಿ ಕೊಟ್ಟಿರುತ್ತಾರೆ. ನಮಗೆ ಬೇಕಾದದ್ದು ಹೊರಹರಿವು, ಅದರಲ್ಲೂ ಹೊಳೆಗೆ ಬಿಟ್ಟ ನೀರು. ಕಾಲುವೆಗೆ ಬಿಟ್ಟದ್ದು ಬೇರೆ ಲೆಕ್ಕ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಲಕ್ಷ ಕ್ಯುಸೆಕ್ ದಾಟಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಆಗ ಹೊಳೆ ನಡುವಿನ ನವವೃಂದಾವನ ಗಡ್ಡೆಗೆ ದಾರಿ ಬಂದ್, ಕಂಪ್ಲಿ ಸೇತುವೆ ಮೇಲೂ ನೀರು. ಜುಲೈಯಿಂದ ಅಕ್ಟೋಬರ್‌ವರೆಗೆ ನಾವು ಹೊಳೆ ದಂಡೆಯ ಹೆಸರೇ ಎತ್ತುವುದಿಲ್ಲ. ನವೆಂಬರ್ ಕೊನೆಗೆ ಗೇಟ್ ಮುಚ್ಚಿ, ಮರಳು ಮೇಲೆ ಬಂದು ಒಣಗಿರುತ್ತದೆ. ಅಲ್ಲಿಂದ ಫೆಬ್ರವರಿವರೆಗೆ ನಮ್ಮ ಕಾಲ. ಏಪ್ರಿಲ್, ಮೇ ಬೇಡವೇ ಬೇಡ. 40 ಡಿಗ್ರಿ ಬಿಸಿಲಲ್ಲಿ ಹಗಲೆಲ್ಲ ಕಾದ ಬಂಡೆಗಳು ನಡುರಾತ್ರಿವರೆಗೂ ಶಾಖ ಬಿಡುತ್ತವೆ, ಟೆಂಟ್ ಒಳಗೆ ಮಲಗಲು ಆಗುವುದಿಲ್ಲ. ಅದೇ ಬಂಡೆ ಡಿಸೆಂಬರ್ ಚಳಿಯಲ್ಲಿ ಬೆನ್ನಿಗೆ ಎಷ್ಟು ಹಿತ ಗೊತ್ತಾ! ಸಂಜೆ ಹೊತ್ತು ಅವ್ವ ಅದಕ್ಕೇ ಒರಗಿ ಕೂರುತ್ತಾಳೆ.

ಟೆಂಟ್ ಎಲ್ಲಿ ಹಾಕೋದು? ಹೊಳೆ ಮರಳಿನ ಮೇಲಂತೂ ಅಲ್ಲ. ಮರಳು ಹಗಲಿಗೆ ಮಾತ್ರ. ಮೊದಲ ಸಲ ಹೋದಾಗ ಒಬ್ಬ ಹರಿಗೋಲಿನ ಅಣ್ಣ ನಮ್ಮ ಗಂಟುಮೂಟೆ ನೋಡಿ ತಾನಾಗೇ ಹೇಳಿದ. "ಅಕ್ಕಾರ, ಗಡ್ಡಿ ಮ್ಯಾಲೆ ಮಾತ್ರ ಮಲಗಬ್ಯಾಡ್ರಿ. ರಾತ್ರಿ ನೀರು ಬಿಟ್ರ ನಮಗೂ ಗೊತ್ತಾಗಂಗಿಲ್ಲ." ಹೊಳೆಯನ್ನೇ ನಂಬಿ ಬದುಕುವವನ ಮಾತು ಅದು. ಆ ಮಾತನ್ನು ನಾವು ಯಾವತ್ತೂ ಮೀರಿಲ್ಲ.

ಗುಡ್ಡದ ಅರಣ್ಯದೊಳಗೂ ಹಾಕುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ರಾತ್ರಿ ಉಳಿಯುವಂತಿಲ್ಲ. ಅದೂ ಅಲ್ಲದೆ ಈ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಬಂಡೆ ಸಂದಿಗಳು ಅವುಗಳ ಮನೆ. ಹಾಗಾಗಿ ನಾವು ಸಾಣಾಪುರ, ಆನೆಗೊಂದಿ ನಡುವೆ ಜನ ವಾಸ ಇರುವ ಹೋಂಸ್ಟೇ ಅಥವಾ ತೋಟದವರನ್ನು ಕೇಳಿ, ಅವರ ಅಂಗಳದಲ್ಲೇ ಟೆಂಟ್ ಹಾಕುತ್ತೇವೆ. ಬಾಡಿಗೆ ಕೊಡುತ್ತೇವೆ. ಶೌಚಾಲಯ, ಕುಡಿಯುವ ನೀರು, ಒಂದು ದೀಪ, ಕರೆದರೆ ಓಡಿಬರುವ ಜನ, ಇಷ್ಟು ಸಿಕ್ಕರೆ ಸಾಕು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ಹಲ್ಲೆ ಆಯಿತು, ಒಬ್ಬರು ಜೀವ ಕಳೆದುಕೊಂಡರು. ಈ ಜಿಲ್ಲೆಯವಳಾಗಿ ನನಗೆ ಅದು ಇವತ್ತಿಗೂ ನೋವು. ಅಲ್ಲಿಗೆ ಹೋಗುವುದನ್ನು ನಾವು ಬಿಡಲಿಲ್ಲ. ಆದರೆ ಕತ್ತಲಾದ ಮೇಲೆ ಕಾಲುವೆ, ಕೆರೆ ಏರಿ ಕಡೆ ಕಾಲಿಡುವುದನ್ನು ಬಿಟ್ಟಿದ್ದೇವೆ. ನಕ್ಷತ್ರ ಅಂಗಳದಿಂದಲೂ ಅಷ್ಟೇ ಚೆನ್ನಾಗಿ ಕಾಣುತ್ತವೆ.

ಟೆಂಟ್ ಕೊಳ್ಳುವವರಿಗೆ ಒಂದು ಮಾತು. ಗೂಟ ಹೊಡೆಯದೆ ತಾನೇ ನಿಲ್ಲುವ ಗುಮ್ಮಟದಂಥ ಟೆಂಟ್ ತೊಗೊಳ್ಳಿ. ಇಲ್ಲಿ ಒಂದು ಗೇಣು ಮಣ್ಣಿನ ಕೆಳಗೆ ಬರೀ ಕಲ್ಲು, ಗೂಟ ಇಳಿಯುವುದೇ ಇಲ್ಲ. ನಾವು ನಾಲ್ಕೂ ಮೂಲೆಯ ಹಗ್ಗವನ್ನು ದಪ್ಪ ಕಲ್ಲಿಗೆ ಸುತ್ತುತ್ತೇವೆ. ಹಗಲು ಮರಳ ಮೇಲೆ ನೆರಳಿಗೆ ತಾಡಪಾಲು ಕಟ್ಟುವಾಗ ಸಿಮೆಂಟ್ ಚೀಲಕ್ಕೆ ಮರಳು ತುಂಬಿ, ಹಗ್ಗ ಬಿಗಿದು, ಅರ್ಧ ಹೂಳಿಬಿಡುತ್ತೇವೆ. ಎಂಥ ಗಾಳಿಗೂ ಕದಲುವುದಿಲ್ಲ. ಕಲ್ಲು ಎತ್ತುವಾಗ ಮಾತ್ರ ಕೋಲಿನಿಂದ ಹೊರಳಿಸಿ ನೋಡಿ. ಕೆಳಗೆ ಚೇಳು ಇರುತ್ತದೆ. ಬೆಳಗ್ಗೆ ಚಪ್ಪಲಿ, ಬೂಟು ಝಾಡಿಸದೆ ಯಾರೂ ಹಾಕಿಕೊಳ್ಳುವಂತಿಲ್ಲ ಅನ್ನೋದು ನಮ್ಮಲ್ಲಿ ಕಟ್ಟುನಿಟ್ಟು. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಏನೂ ಬೇಡ. 108ಕ್ಕೆ ಫೋನ್ ಮಾಡಿ ನೇರ ಗಂಗಾವತಿ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಬಂಡೆಗಳ ಮಧ್ಯೆ ಸಿಗ್ನಲ್ ಸಿಗಲ್ಲ. ಎಲ್ಲಿ ಸಿಗುತ್ತದೆ ಅಂತ ಹೋದ ಕೂಡಲೇ ನೋಡಿಟ್ಟುಕೊಳ್ಳುತ್ತೇವೆ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಉಳ್ಳಾಗಡ್ಡಿ, ಮೊಸರು. ಒಲೆ ಹಚ್ಚುವ ಕೆಲಸವೇ ಇಲ್ಲ. ಡಿಸೆಂಬರ್ ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಬೆಂಕಿ ಹಾಕಿ ಸುತ್ತ ಕೂರೋಣ ಅಂತ ಮಕ್ಕಳು ಹಟ ಮಾಡಿದರೂ ನಾವು ಹಾಕುವುದಿಲ್ಲ. ತಿಂಡಿಯ ಚೀಲ ಹೊರಗೆ ಬಿಟ್ಟರೆ ಮಂಗಗಳು ಕ್ಷಣದಲ್ಲಿ ಖಾಲಿ ಮಾಡುತ್ತವೆ. ಅದಕ್ಕೆ ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿ ಒಯ್ಯಿರಿ.

ಇನ್ನು ಮರಳ ಮೇಲಿನ ದಿನ. ಜಾಗ ಆರಿಸುವಾಗ ನಾನು ಮರಳು ನೋಡುವ ಮೊದಲು ಸುತ್ತಲ ಬಂಡೆ ನೋಡುತ್ತೇನೆ. ಬಂಡೆ ಮೇಲೆ ನೀರು ನಿಂತಿದ್ದ ಗೆರೆ ಇರುತ್ತದೆ. ಪೊದೆಗಳಲ್ಲಿ ಒಣ ಜೊಂಡು, ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತದೆ. ಹೊಳೆ ಅಲ್ಲಿವರೆಗೆ ಬಂದಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ನಾವು ಕೂರುವ ಜಾಗದಿಂದ ಆ ಗೆರೆಗಿಂತ ಎತ್ತರಕ್ಕೆ ಮಕ್ಕಳೂ, ಅವ್ವನೂ ಸುಲಭವಾಗಿ ಹತ್ತುವ ದಾರಿ ಇರಬೇಕು. ಇಲ್ಲದಿದ್ದರೆ ಮರಳು ಎಷ್ಟೇ ಚೆನ್ನಾಗಿದ್ದರೂ ಮುಂದೆ ನಡೆಯುತ್ತೇವೆ.

ನೀರು ಕಡಿಮೆ ಇದ್ದರೆ ಹೆದರಿಕೆ ಇಲ್ಲ ಅಂತ ಬಹಳ ಜನ ತಿಳಿಯುತ್ತಾರೆ. ಸಾಣಾಪುರದ ಹತ್ತಿರ ಹೊಳೆ ಕಲ್ಲು ಕೊರೆದು ಹರಿಯುತ್ತದೆ. ಸುಳಿಯಲ್ಲಿ ಸಿಕ್ಕ ಉರುಟುಕಲ್ಲುಗಳು ವರ್ಷಾನುಗಟ್ಟಲೆ ತಿರುಗಿ ತಿರುಗಿ ಬಂಡೆಯಲ್ಲಿ ಒರಳಿನಂಥ ಗುಂಡಿಗಳನ್ನು ತೋಡಿವೆ. ಮೇಲಿಂದ ನೋಡಿದರೆ ಆಳ ಗೊತ್ತಾಗುವುದಿಲ್ಲ. ಬಂಡೆಯ ಅಡಿಯಲ್ಲಿ ಪೊಳ್ಳು ಇರುತ್ತದೆ, ಸೆಳವು ಒಳಗೆ ಎಳೆಯುತ್ತದೆ. 2025ರ ಫೆಬ್ರವರಿಯಲ್ಲಿ, ಅಂದರೆ ಮಳೆಗಾಲ ಮುಗಿದು ಎಷ್ಟೋ ದಿನದ ಮೇಲೆ, ಇಲ್ಲಿ ಬಂಡೆ ಮೇಲಿಂದ ಹೊಳೆಗೆ ಹಾರಿದ ಪ್ರವಾಸಿಯೊಬ್ಬರು ತೀರಿಕೊಂಡರು. ಅದಕ್ಕೆ ನಮ್ಮ ಮಕ್ಕಳಿಗೆ ಮೊಣಕಾಲು ಮಟ್ಟದ ನೀರು, ಕಾಲಿಗೆ ಮರಳು ಸಿಗುವ ಜಾಗ, ಜೊತೆಗೆ ಲೈಫ್ ಜಾಕೆಟ್. ಪಕ್ಕದಲ್ಲಿ ದೊಡ್ಡವರೊಬ್ಬರು ನೀರಲ್ಲೇ ನಿಂತಿರಬೇಕು, ಕೈಯಲ್ಲಿ ಫೋನ್ ಇರಬಾರದು. ಪಾಚಿ ಕಟ್ಟಿದ ಬಂಡೆ ಮೇಲೆ ಓಡಾಟ ಇಲ್ಲ. ಹೊಳೆಯಲ್ಲಿ ಮೊಸಳೆ ಇರುವುದರಿಂದ ಬೆಳಕು ಹರಿಯುವ ಮೊದಲು, ಹೊತ್ತು ಮುಳುಗಿದ ಮೇಲೆ ನೀರಿಗಿಳಿಯುವುದಿಲ್ಲ. ಸಾಣಾಪುರ ಕೆರೆ ಕಣ್ಣಿಗೆ ಶಾಂತವಾಗಿ ಕಂಡರೂ ಅದು ಡ್ಯಾಂನ ಎಡದಂಡೆ ಕಾಲುವೆಯ ನೀರು. ಅಲ್ಲಿ ಈಜುವುದಿಲ್ಲ, ದಂಡೆಯಲ್ಲಿ ಕೂತು ನೋಡುತ್ತೇವೆ ಅಷ್ಟೇ.

ಹರಿಗೋಲಿನಲ್ಲಿ ಮಾತ್ರ ಪ್ರತಿ ಸಲ ಕೂರುತ್ತೇವೆ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇವನ್ನು ನೋಡಿ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ ಅಂತ. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಫೈಬರ್ ಬಂದಿದೆ. ಆಕಾರ ಅದೇ, ಹುಟ್ಟು ಹಾಕುವ ಕೈಚಳಕವೂ ಅದೇ. ಜೋರಾಗಿ ತಿರುಗಿಸಿ ಅಂತ ಕೇಳಬೇಡಿ. ನಿಧಾನಕ್ಕೆ ಹೋಗಿ ಅಂದರೆ ದಂಡೆ ಪಕ್ಕದಲ್ಲೇ ಕರೆದೊಯ್ಯುತ್ತಾರೆ. ಆಗಲೇ ನೀರುನಾಯಿ ಕಾಣುವ ಅವಕಾಶ.

ನೀರುನಾಯಿ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿತು. ನಾವು ಆಡುವ ಮರಳು ಅದರೊಳಗೇ ಬರುತ್ತದೆ. ಎಷ್ಟು ಜನಕ್ಕೆ ಇದು ಗೊತ್ತು? ಬೆಳಗ್ಗೆ ಬೇಗ ಹೋದರೆ ಒದ್ದೆ ಮರಳಲ್ಲಿ ಹೆಜ್ಜೆ ಗುರುತು ಸಿಗುತ್ತದೆ. ಬಂಡೆ ಮೇಲೆ ಮೀನಿನ ಪೊರೆ, ಮುಳ್ಳು ತುಂಬಿದ ಹಿಕ್ಕೆ ಇರುತ್ತದೆ. ಒಮ್ಮೆ ಒಂದು ಕುಟುಂಬವೇ ಸಾಲಾಗಿ ಈಜುತ್ತಾ ಹೋಯಿತು, ತಲೆಗಳು ಮಾತ್ರ ನೀರಿನ ಮೇಲೆ. ಮಗಳು ಉಸಿರು ಬಿಗಿಹಿಡಿದು ನೋಡಿದಳು. ಮದ್ದು ಸಿಡಿಸಿ ಮೀನು ಹಿಡಿಯುವುದು, ಮರಳು ತೆಗೆಯುವುದು ಇವುಗಳ ಜೀವ ಹಿಂಡುತ್ತದೆ. ನಾವು ಮಾಡಬಹುದಾದದ್ದು ಸಣ್ಣದು. ಸ್ಪೀಕರ್ ಹಾಕುವುದಿಲ್ಲ, ಹೊಳೆಯಲ್ಲಿ ಸೋಪು ಹಚ್ಚಿ ಸ್ನಾನ ಮಾಡುವುದಿಲ್ಲ, ಕಸ ಒಂದು ಚೂರೂ ಬಿಟ್ಟು ಬರುವುದಿಲ್ಲ. ಹರಿದ ಬಲೆ ತುಂಡು ಕಂಡರೆ ಎತ್ತಿ ಚೀಲಕ್ಕೆ ಹಾಕುತ್ತೇವೆ.

ಗುಡ್ಡ ಹತ್ತುವವರೆಲ್ಲ ಅಂಜನಾದ್ರಿಗೆ ಹೋಗುತ್ತಾರೆ. 575 ಮೆಟ್ಟಿಲು, ಮೇಲೆ ಹನುಮಪ್ಪ, ಕೆಳಗೆ ಭತ್ತದ ಗದ್ದೆ, ಬಾಳೆ ತೋಟ, ಹೊಳೆ. ಅವ್ವನ ಜೊತೆ ನಾವೂ ಹತ್ತುತ್ತೇವೆ. ಆದರೆ ಶನಿವಾರ, ರಜಾದಿನ, ಡಿಸೆಂಬರಿನ ಹನುಮಮಾಲೆ ವಿಸರ್ಜನೆ ಹೊತ್ತಿಗೆ ರಸ್ತೆಯಲ್ಲಿ ಗಾಡಿ ಅಲುಗಾಡುವುದಿಲ್ಲ. ಆ ದಿನಗಳನ್ನು ನೋಡಿಕೊಂಡು ಹೊರಡಿ.

ನನ್ನ ಮನಸ್ಸು ಇರುವುದು ಹಿರೇಬೆಣಕಲ್ ಮೇಲೆ. ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್. ಊರಿನಿಂದ ನಡೆದೇ ಗುಡ್ಡ ಹತ್ತಬೇಕು. ಜಾಲಿ, ಕಾರೆ, ಸೀತಾಫಲದ ಪೊದೆಗಳ ನಡುವೆ ದಾರಿ. ಕವಲುಗಳು ಜಾಸ್ತಿ, ಹೊಸಬರು ತಪ್ಪಿಸಿಕೊಳ್ಳುವುದು ಸುಲಭ. ಅದಕ್ಕೆ ಊರವರೊಬ್ಬರನ್ನು ಜೊತೆಗೆ ಕರೆದುಕೊಳ್ಳುತ್ತೇವೆ. ಬೆಳಕು ಹರಿದ ಕೂಡಲೇ ಹೊರಟು ಬಿಸಿಲು ಏರುವ ಮೊದಲು ಮೇಲೆ ಇರಬೇಕು. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು. ತುಂಬುತೋಳಿನ ಅಂಗಿ, ಪೂರ್ತಿ ಪ್ಯಾಂಟ್ ಇಲ್ಲದಿದ್ದರೆ ಮುಳ್ಳು ಬಿಡುವುದಿಲ್ಲ.

ಮೇಲೆ ಹೋದ ಮೇಲೆ ಕಾಣುವುದನ್ನು ಏನಂತ ಹೇಳಲಿ? ನಾಲ್ಕುನೂರರಷ್ಟು ಕಲ್ಲಿನ ಗೋರಿಗಳು. ದೊಡ್ಡ ದೊಡ್ಡ ಚಪ್ಪಡಿಗಳನ್ನು ನಾಲ್ಕೂ ಕಡೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಕಲ್ಲುಮನೆಗಳು. ಕೆಲವಕ್ಕೆ ದುಂಡನೆಯ ಕಿಂಡಿ. ಆಳೆತ್ತರದವೂ ಇವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ನಮ್ಮ ಜನ ಇದಕ್ಕೆ ಮೋರೇರ ಗುಡ್ಡ ಅನ್ನುತ್ತಾರೆ. 1835ರಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದನ್ನು ಗುರುತಿಸಿ ಬರೆದ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಒಂದು ಎತ್ತರದ ಬಂಡೆಯ ನೆತ್ತಿಯಲ್ಲಿ ನಗಾರಿ ಆಕಾರದ ಕಲ್ಲಿದೆ. ಬಡಿದರೆ ದೂರದವರೆಗೆ ಸದ್ದು ಕೇಳುತ್ತದೆ. ಪಕ್ಕದಲ್ಲಿ ನೀರಿನ ಹೊಂಡವೊಂದು ಇದೆ, ಆ ಕಾಲದವರು ಕಲ್ಲು ತೆಗೆದ ಜಾಗ. ಅದರ ದಂಡೆಯಲ್ಲಿ ಕೂತು ರೊಟ್ಟಿ ತಿನ್ನುವಾಗ ನಮ್ಮ ಮಗ ಕೇಳಿದ, "ಅಮ್ಮಾ, ಇಷ್ಟು ದೊಡ್ಡ ಕಲ್ಲು ಹೆಂಗ ಎತ್ತಿದ್ರು?" ಅವ್ವ ಅಂದಳು, "ಊರ ಮಂದೆಲ್ಲ ಸೇರಿದ್ರ ಎತ್ತಂಗಿಲ್ಲೇನ?" ನಿಧಿ ಆಸೆಗೆ ಅಗೆದು ಕೆಡವಿದ ಗೋರಿಗಳನ್ನೂ ಅಲ್ಲೇ ನೋಡಬೇಕಾಗುತ್ತದೆ. ಹೊಟ್ಟೆ ಉರಿಯುತ್ತದೆ. ಮಕ್ಕಳನ್ನು ಚಪ್ಪಡಿ ಮೇಲೆ ಹತ್ತಲು ಬಿಡಬೇಡಿ, ಕಲ್ಲಿನ ಮೇಲೆ ಹೆಸರು ಗೀಚಲು ಬಿಡಬೇಡಿ. ಮಧ್ಯಾಹ್ನ ಕಳೆಯುವ ಮೊದಲು ಇಳಿದುಬಿಡಿ, ಸಂಜೆ ಆ ದಾರಿ ಕರಡಿಗೆ ಸೇರಿದ್ದು.

ಗಂಗಾವತಿಗೆ ವಾಪಸ್ ಬಂದರೆ ಬಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಿಗುತ್ತದೆ. ಹಸಿದ ಹೊಟ್ಟೆಗೆ ಅದಕ್ಕಿಂತ ಇನ್ನೇನು ಬೇಕು!

ದಾರಿ ವಿಷಯ ಕೇಳುವವರಿಗೆ: ಕೊಪ್ಪಳ, ಹೊಸಪೇಟೆ ಕಡೆಯಿಂದ ಬರುವವರಿಗೆ ಹಿಟ್ನಾಳ ಮೇಲೆ ಸಾಣಾಪುರಕ್ಕೆ ರಸ್ತೆ ಇದೆ. ರಾಯಚೂರು ಕಡೆಯವರು ಸಿಂಧನೂರು ಮೇಲೆ ಗಂಗಾವತಿಗೆ ಬಂದು, ಅಲ್ಲಿಂದ ಆನೆಗೊಂದಿ ಬಸ್ ಹಿಡಿಯಬಹುದು. ಬಳ್ಳಾರಿಯವರಿಗೆ ಕಂಪ್ಲಿ ದಾರಿ ಹತ್ತಿರ. ಹೊಳೆ ತುಂಬಿ ಆ ಸೇತುವೆ ಮುಚ್ಚಿದ್ದಾರೆ ಅಂತ ಸುದ್ದಿ ಬಂದರೆ ಬೇರೆ ದಾರಿ ಹುಡುಕಬೇಡಿ, ಆ ವಾರದ ಕ್ಯಾಂಪನ್ನೇ ಮುಂದಕ್ಕೆ ಹಾಕಿ.