ಹೆಸರು ಎಕ್ಸ್‌ಎಲ್‌ಎಸ್, ಒಳಗೆ ಎಚ್‌ಟಿಎಂಎಲ್: ಸರಿಯಾದ ರೀಡರ್ ಆರಿಸಿದ ನನ್ನ ಅನುಭವ

ದಾವಣಗೆರೆಯ ಒಂದು ಆಡಿಟರ್ ಆಫೀಸಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಓದುವ ಪೈಥಾನ್ ಭಾಷೆಯ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಬರೆದುಕೊಟ್ಟಿದ್ದೇನೆ. ಈ ಸಲದ ಸೀಸನ್ನಿನಲ್ಲಿ ಅಲ್ಲಿಂದ ‘ಓಡ್ತಿಲ್ಲ’ ಅಂತ ಒಂದು ಫೋನೂ ಬರಲಿಲ್ಲ. ಫೈಲಿನ ಒಳಗೆ ಇಣುಕಿ ರೀಡರ್ (ಆ ಬಗೆಯ ಫೈಲನ್ನು ಓದುವ ಕೋಡ್) ಆರಿಸ್ತೀನಿ ಅಂದಾಗ ನಕ್ಕವರು ಇದ್ದರು. ‘ಎಲ್ಲರಿಗೂ ಒಂದೇ ಫಾರ್ಮ್ಯಾಟಲ್ಲಿ ಕಳಿಸೋಕೆ ಹೇಳು, ಮುಗೀತು’ ಅಂತ ಬುದ್ಧಿ ಹೇಳಿದ್ದರು. ಆಫೀಸಿನ ಪಾರ್ಟಿಗಳಾದ (ಗ್ರಾಹಕರಾದ) ಅಕ್ಕಿ ಗಿರಣಿಯವರಿಗೆ, ಬಟ್ಟೆ ಅಂಗಡಿಯವರಿಗೆ ಇದನ್ನು ಹೇಳಿ ನೋಡಿ, ಗೊತ್ತಾಗುತ್ತೆ. ಅವರು ವಾಟ್ಸ್ಆ್ಯಪ್‌ನಲ್ಲಿ ಏನು ಬಂತೋ ಅದನ್ನೇ ಮುಂದಕ್ಕೆ ತಳ್ಳುತ್ತಾರೆ.

ನನಗಿಂತ ಮೊದಲು ಆಫೀಸಿನವರು ತಿಂಗಳ ಬಾಡಿಗೆಯ ಒಂದು ಫೈಲ್ ಕನ್ವರ್ಟರ್ ಸಾಫ್ಟ್‌ವೇರ್ ಇಟ್ಟುಕೊಂಡಿದ್ದರು. ತಿಂಗಳಿಗೆ ಎರಡೂವರೆ ಸಾವಿರದ ಆಸುಪಾಸು. ಅದು ಒಪ್ಪದ ಫೈಲನ್ನು ಅಲ್ಲಿನ ಹುಡುಗಿಯರು ಎಕ್ಸೆಲ್‌ನಲ್ಲಿ ತೆರೆದು ಸಿಎಸ್‌ವಿ (ಕಾಮಾ ಹಾಕಿದ ಸಾದಾ ಟೆಕ್ಸ್ಟ್) ಮಾಡಿ ಸೇವ್ ಮಾಡುತ್ತಿದ್ದರು. ಕೆಟ್ಟದ್ದು ಅಲ್ಲೇ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ನಂಬರಿನ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆ ಆಗುತ್ತದೆ. ತಾರೀಕು-ತಿಂಗಳು ಅದಲುಬದಲಾಗಿ ಏಪ್ರಿಲ್ 3 ಹೋಗಿ ಮಾರ್ಚ್ 4 ಆದದ್ದೂ ಇದೆ. ಅಂದರೆ ಆ ಹಣಕಾಸು ವರ್ಷದ ಎಂಟ್ರಿ ಹಿಂದಿನ ವರ್ಷದ ಲೆಕ್ಕಕ್ಕೆ! ಹಾಗಾಗಿ ನಡುವೆ ಮನುಷ್ಯರ ಕೈ ಇರಬಾರದು ಅಂತ ಮೊದಲೇ ಮಾತಾಡಿಕೊಂಡೆವು. ನಾನು ಹೇಳಿದ್ದು ಹದಿನೆಂಟು ಸಾವಿರ. ಇನ್ನೊಬ್ಬರ ಕೊಟೇಶನ್ ಲಕ್ಷದ ಹತ್ತಿರ ಇತ್ತಂತೆ.

ಎಕ್ಸ್‌ಟೆನ್ಶನ್ (ಫೈಲ್ ಹೆಸರಿನ ಬಾಲ) ನೋಡಿ ಇಫ್-ಎಲ್ಸ್ (ಹೀಗಿದ್ದರೆ ಇದು, ಇಲ್ಲದಿದ್ದರೆ ಅದು) ಬರೆಯುವುದು ಎಲ್ಲರೂ ಮಾಡುವುದೇ. ಪೈಥಾನಿನ ಫೈಲ್‌ಇನ್‌ಪುಟ್ ಮಾಡ್ಯೂಲ್ ಕೂಡ ಕಂಪ್ರೆಸ್ ಆದ ಫೈಲನ್ನು ಬಾಲ ನೋಡಿಯೇ ಗುರುತಿಸುತ್ತದೆ. ನಮ್ಮಲ್ಲಿ ಅದು ಒಂದು ವಾರವೂ ಬಾಳಲಿಲ್ಲ. ನೆಟ್‌ಬ್ಯಾಂಕಿಂಗ್‌ನಿಂದ ಇಳಿಸಿದ ಎಷ್ಟೋ ‘ಎಕ್ಸ್‌ಎಲ್‌ಎಸ್’ (ಹಳೇ ಎಕ್ಸೆಲ್) ಫೈಲುಗಳ ಒಳಗೆ ಇರುವುದು ಬರೀ ಎಚ್‌ಟಿಎಂಎಲ್, ಅಂದರೆ ವೆಬ್ ಪುಟದ ಟೇಬಲ್ಲು. ಕೆಲವು ಟ್ಯಾಬ್ ಹಾಕಿದ ಟೆಕ್ಸ್ಟು. ಎಕ್ಸೆಲ್ ಒಂದು ವಾರ್ನಿಂಗ್ ಕೊಟ್ಟು ತೆರೆದುಬಿಡುತ್ತದೆ, ಪಾರ್ಟಿಗೆ ಗೊತ್ತೇ ಆಗುವುದಿಲ್ಲ.

ಆಮೇಲೆ ಟ್ರೈ-ಎಕ್ಸೆಪ್ಟ್ ಸರಪಳಿ. ಒಂದು ರೀಡರ್ ಎರರ್ ಕೊಟ್ಟು ಬಿದ್ದರೆ ಇನ್ನೊಂದು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಸಿಎಸ್‌ವಿ ರೀಡರ್ ಬೀಳುವುದೇ ಅಪರೂಪ. ಎಚ್‌ಟಿಎಂಎಲ್ ಕೊಟ್ಟರೂ ಸಾಲು ಸಾಲಾಗಿ ಓದುತ್ತದೆ, ಲ್ಯಾಟಿನ್-1 ಎನ್‌ಕೋಡಿಂಗ್ (ಯಾವ ಬೈಟನ್ನೂ ಅಕ್ಷರ ಅಂತ ಒಪ್ಪುವ ಕ್ರಮ) ಹಾಕಿದ್ದರಂತೂ ಬೈನರಿಯನ್ನೂ (ಟೆಕ್ಸ್ಟ್ ಅಲ್ಲದ ಫೈಲನ್ನೂ) ನುಂಗಲು ನೋಡುತ್ತದೆ. ಎರರ್ ಇಲ್ಲ, ಡೇಟಾನೂ ಇಲ್ಲ. ಎಲ್ಲದಕ್ಕೂ ಹೂಂ ಅನ್ನುವ ಹ್ಯಾಂಡ್ಲರನ್ನು (ಒಂದು ಬಗೆಯ ಫೈಲ್ ನೋಡಿಕೊಳ್ಳುವ ಕೋಡನ್ನು) ಸಾಲಿನ ಕೊನೆಗೆ ಹಾಕಬೇಕು. ಅದಕ್ಕೂ ‘ಇದು ನನ್ನದಲ್ಲ’ ಅನ್ನಲು ಕಲಿಸಬೇಕು. ನಾನು ಕಲಿಸಿದ್ದು ಹೀಗೆ: ಮೊದಲ ನಾಲ್ಕು ಸಾವಿರ ಬೈಟಿನಲ್ಲಿ ಸೊನ್ನೆ ಬೈಟ್ ಕಂಡರೆ ಬೇಡ. ತಾರೀಕು ಮತ್ತು ಬ್ಯಾಲೆನ್ಸ್ ಕಾಲಮ್ಮಿನ ತಲೆಬರಹ ಸಿಗದಿದ್ದರೂ ಬೇಡ. (ಯೂನಿಕೋಡಿನ ಯುಟಿಎಫ್-16 ಎನ್‌ಕೋಡಿಂಗ್ ಇದ್ದರೆ ಶುರುವಿನ ಎರಡು ಬೈಟು, ಹೆಕ್ಸ್ ಅಂದರೆ ಹದಿನಾರರ ಲೆಕ್ಕದಲ್ಲಿ ಎಫ್‌ಎಫ್ ಎಫ್‌ಇ, ನೋಡಿ ಮೊದಲೇ ಬೇರೆ ಮಾಡಿಕೊಳ್ಳಿ, ಅದರಲ್ಲಿ ಸೊನ್ನೆ ಬೈಟ್ ಇದ್ದೇ ಇರುತ್ತೆ.)

ಉಳಿದ ಹ್ಯಾಂಡ್ಲರುಗಳಿಗೆ ಫೈಲಿನ ಮೊದಲ ಬೈಟುಗಳೇ ಸಾಕು. ಡಿ0 ಸಿಎಫ್ 11 ಇ0 ಇದ್ದರೆ ಹಳೇ ಎಕ್ಸೆಲ್, ‘ಪಿಕೆ’ ಇದ್ದರೆ ಜಿಪ್ (ಹೊಸ ಎಕ್ಸೆಲ್‌ನ ಎಕ್ಸ್‌ಎಲ್‌ಎಸ್‌ಎಕ್ಸ್ ಕೂಡ ಒಳಗೆ ಜಿಪ್ಪೇ), 1ಎಫ್ 8ಬಿ ಇದ್ದರೆ ಜಿಜಿಪ್ (ಒಂದು ಫೈಲನ್ನು ಕುಗ್ಗಿಸಿದ್ದು). ಇಲ್ಲಿವರೆಗೆ ಸುಲಭ. ನನ್ನ ತಲೆ ತಿಂದದ್ದು ಪಾಸ್‌ವರ್ಡ್ ಹಾಕಿದ ಎಕ್ಸ್‌ಎಲ್‌ಎಸ್‌ಎಕ್ಸ್. ಹೆಸರು ಹೊಸದು, ಶುರುವಿನಲ್ಲಿ ಮಾತ್ರ ಡಿ0 ಸಿಎಫ್! ಹಳೇ ಎಕ್ಸೆಲ್ ಓದುವ ಎಕ್ಸ್‌ಎಲ್‌ಆರ್‌ಡಿಗೆ ಕೊಟ್ಟರೆ ಓದಲ್ಲ, ಹೊಸದನ್ನು ಓದುವ ಓಪನ್‌ಪೈಎಕ್ಸ್‌ಎಲ್ ಇದು ಜಿಪ್ಪೇ ಅಲ್ಲ ಅನ್ನುತ್ತದೆ. ಎನ್‌ಕ್ರಿಪ್ಟ್ ಆದ ಹೊಸ ಫೈಲನ್ನು ಹಳೇ ಡಬ್ಬಿಯೊಳಗೆ ಹಾಕಿ ಮುಚ್ಚುವುದು ಮೈಕ್ರೋಸಾಫ್ಟಿನ ಕ್ರಮ. ಆ ಡಬ್ಬಿಯನ್ನು ಓಲೆಫೈಲ್ ಲೈಬ್ರರಿಯಲ್ಲಿ ತೆರೆದು ಒಳಗಿನ ಸ್ಟ್ರೀಮ್ (ಡಬ್ಬಿಯೊಳಗಿನ ಭಾಗ) ಹೆಸರು ನೋಡಿ: ‘ವರ್ಕ್‌ಬುಕ್’ ಇದ್ದರೆ ನಿಜವಾದ ಎಕ್ಸ್‌ಎಲ್‌ಎಸ್, ‘ಎನ್‌ಕ್ರಿಪ್ಟೆಡ್‌ಪ್ಯಾಕೇಜ್’ ಇದ್ದರೆ ಮೊದಲು ಎಂಎಸ್‌ಆಫ್‌ಕ್ರಿಪ್ಟೋದಿಂದ ಬೀಗ ತೆಗೆಯಿರಿ, ಆಮೇಲೆ ಬಂದದ್ದನ್ನು ರೀಡರ್ ಆರಿಸುವ ಫಂಕ್ಷನ್ನಿಗೇ ಮತ್ತೆ ಕೊಡಿ. ಜಿಜಿಪ್‌ಗೂ ಹಾಗೇ. ಬಿಚ್ಚುವ ಹ್ಯಾಂಡ್ಲರ್ ಓದಬಾರದು, ಬಿಚ್ಚಿ ವಾಪಸ್ ಕೊಡಬೇಕು ಅಷ್ಟೇ. ಹೀಗೆ ಬಿಚ್ಚುವ ಸುತ್ತನ್ನು ಮೂರಕ್ಕೆ ನಿಲ್ಲಿಸಿದ್ದೇನೆ. ಪಾಸ್‌ವರ್ಡ್ ಊಹಿಸಲು ನನ್ನದೇ ಒಂದು ದಾರಿ ಇದೆ, ಪಾರ್ಟಿಯ ಕಾರ್ಡಿನ ವಿವರದಿಂದ. ಅದನ್ನು ಇಲ್ಲಿ ಹೇಳಲ್ಲ.

ಫೈಲು ಇನ್ನೊಂದು ಪ್ರೋಗ್ರಾಮಿನಿಂದ ಪೈಪಿನಲ್ಲಿ ಹರಿದು ಬಂದರೆ ಸೀಕ್ ಇಲ್ಲ, ಅಂದರೆ ಹಿಂದೆ ಮುಂದೆ ಹೋಗಿ ಓದಲಾಗದು. ಸ್ಟ್ಯಾಂಡರ್ಡ್ ಇನ್‌ಪುಟ್ಟಿನ (ಹಾಗೆ ಹರಿದು ಬರುವ ಡೇಟಾದ) ಬಫರ್ ಮೇಲೆ ಪೀಕ್ ಮಾಡಿದರೆ (ಇಣುಕಿದರೆ) ಬೈಟುಗಳು ಖರ್ಚಾಗದೆ ಕಾಣುತ್ತವೆ. ಆದರೆ ಜಿಪ್‌ನೊಳಗೆ ಏನೇನಿದೆ ಅನ್ನುವ ಪಟ್ಟಿ ಫೈಲಿನ ಕೊನೆಯಲ್ಲಿರುತ್ತದೆ, ಅದಕ್ಕೆ ಪೀಕ್ ಸಾಲದು. ಎಲ್ಲವನ್ನೂ ತಾತ್ಕಾಲಿಕ ಫೈಲಿಗೆ ಸುರಿದುಕೊಂಡರೆ ತಲೆನೋವೇ ಇಲ್ಲ. ನಮ್ಮ ಫೈಲುಗಳು ಹೆಚ್ಚೆಂದರೆ ನಾಲ್ಕೈದು ಎಂಬಿ.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಒಂದು ಸಹಕಾರ ಸಂಘದ ಖಾತೆ ಪಟ್ಟಿ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಬಂದಿತ್ತು. ತೆರೆದರೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಸಂತೆ. ನುಡಿಯಲ್ಲಿ ತಲೆಕಟ್ಟಿಗೆ ಬಳಸುವ ಬೈಟ್ ಸಿ0. ಸರಿಯಾದ ಯುಟಿಎಫ್-8ರಲ್ಲಿ (ಯೂನಿಕೋಡಿನ ಇನ್ನೊಂದು ಎನ್‌ಕೋಡಿಂಗ್) ಸಿ0 ಬರುವಂತೆಯೇ ಇಲ್ಲ. ಅದೂ ಹತ್ತು ಬೈಟಿಗೊಂದು ಸಿಕ್ಕರೆ ಬಹುತೇಕ ನುಡಿಯೇ ಅಂತ ಹೇಳಬಹುದು. ಯಾರಾದರೂ ಅದನ್ನು ಮತ್ತೆ ಯುಟಿಎಫ್-8 ಆಗಿ ಸೇವ್ ಮಾಡಿದ್ದರೆ ಸಿ3 80 ಜೋಡಿ ಹುಡುಕಿ. ನಿಜವಾದ ಯೂನಿಕೋಡ್ ಕನ್ನಡವಾದರೆ ಇ0 ಬಿ2, ಇ0 ಬಿ3 ತುಂಬಿರುತ್ತವೆ. ಇದಕ್ಕೆ ಯಾರೂ ದುಡ್ಡು ಕೊಡಲಿಲ್ಲ, ನನಗೆ ಮಾತ್ರ ಇಡೀ ಸ್ಕ್ರಿಪ್ಟಿನಲ್ಲಿ ಇದೇ ಜಾಸ್ತಿ ಇಷ್ಟ.

ಈಗ ನೂರಕ್ಕೆ ತೊಂಬತ್ತೈದರಷ್ಟು ಫೈಲು ತಾನಾಗೇ ಹೋಗುತ್ತವೆ. ಉಳಿದವು ‘ಗೊತ್ತಿಲ್ಲ’ ಅನ್ನುವ ಫೋಲ್ಡರಿಗೆ, ಯಾವ ಹ್ಯಾಂಡ್ಲರ್ ಯಾಕೆ ಬೇಡ ಅಂತು ಅನ್ನುವ ಒಂದು ಸಾಲಿನ ಜೊತೆ. ಆ ಸಾಲು ಓದಿ ಆಫೀಸಿನವರೇ ಪಾರ್ಟಿಗೆ ಫೋನ್ ಮಾಡಿಬಿಡುತ್ತಾರೆ. ಹೋದ ತಿಂಗಳು ಅಲ್ಲಿ ಒಂದು ಎಕ್ಸ್‌ಎಲ್‌ಎಸ್‌ಬಿ (ಎಕ್ಸೆಲ್‌ನ ಬೈನರಿ ಬಗೆ) ಬಿದ್ದಿತ್ತು. ಅದೂ ‘ಪಿಕೆ’ಯೇ, ಆದರೆ ಒಳಗೆ ವರ್ಕ್‌ಬುಕ್ ಎಕ್ಸ್‌ಎಂಎಲ್ ಬದಲು ಬಿನ್ ಫೈಲ್. ಅದಕ್ಕೂ ಒಂದು ಹ್ಯಾಂಡ್ಲರ್ ಬರೆಯುತ್ತಿದ್ದೇನೆ, ಅದರ ಬಿಲ್ ಬೇರೆ.